ಕಾರ್ಡ್ ಬರುವ ಮೊದಲೇ ತವರಿಗೆ ಹೊರಟಿರಾ?

ಕಳೆದ ತಿಂಗಳು ರಜೆಗೆಂದು ಮೈಸೂರಿಗೆ ಬಂದಿದ್ದಾಗ ಅಣ್ಣನ ಎದುರುಮನೆ ಆಂಟಿ ಬಟ್ಟಲ ತುಂಬ ಕೋಸಂಬರಿ ಹಿಡಿದುಕೊಂಡು ಬಂದರು. ಮುಖದಲ್ಲಿ ಸಂಭ್ರಮವೋ ಸಂಭ್ರಮ.

"ನಮ್ಮ ಮಗ-ಸೊಸೆಗೆ ಕೆನಡಾ ಪಿಆರ್ ಬಂತು ಕಣೇ! ಮುಂದಿನ ತಿಂಗಳು ಹೋಗಿ ಹತ್ತು ದಿನ ಇದ್ದು ಬಂದುಬಿಡ್ತಾರಂತೆ. ಆಮೇಲೆ ನಿಧಾನಕ್ಕೆ ಇಲ್ಲಿ ಕೆಲಸ ಬಿಟ್ಟು, ಮನೆ ಖಾಲಿ ಮಾಡಿ ಹೋಗೋದಂತೆ."

"ಒಳ್ಳೇದಾಯ್ತು ಆಂಟಿ. ಎರಡನೇ ಸಲ ಹೋಗೋವಾಗ ಪಿಆರ್ ಕಾರ್ಡ್ ಕೈಲಿರುತ್ತಾ?"

"ಕಾರ್ಡಾ? ಪಾಸ್‌ಪೋರ್ಟಲ್ಲಿ ವೀಸಾ ಅಂಟಿಸಿಕೊಟ್ಟಿದ್ದಾರಲ್ಲ, ಇನ್ಯಾವ ಕಾರ್ಡು?"

ಇದೇ ಮಾತನ್ನು ನಾನೂ ಒಂದು ಕಾಲಕ್ಕೆ ಆಡಿದ್ದೆ. ಅದಕ್ಕೆ ತೆತ್ತ ಬೆಲೆ ಏನು ಗೊತ್ತಾ? ಐದು ವರ್ಷದ ಮಗಳನ್ನು ಅಲ್ಲಿ ಬಿಟ್ಟು ನಾನಿಲ್ಲಿ 26 ದಿನ ಒದ್ದಾಡಿದ್ದು! ಈಗ ನಮ್ಮೂರುಗಳಲ್ಲಿ ಕೆನಡಾಕ್ಕೆ ಹೊರಟಿರುವ ಮಗಳೋ, ಸೊಸೆಯೋ, ತಂಗಿಯೋ ಇರುವ ಮನೆಗಳು ಎಷ್ಟೊಂದಿವೆ. ನಿಮ್ಮದೂ ಅಂಥ ಮನೆಯಾಗಿದ್ದರೆ, ಐದು ನಿಮಿಷ ಕೂತು ಇದನ್ನು ಓದಿಬಿಡಿ.

ಆ ರಾತ್ರಿ ಬಂದ ಫೋನು

2023ರ ಏಪ್ರಿಲ್‌ನಲ್ಲಿ ನಾವು ಮೂವರೂ ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದೆವು. ವಲಸೆ ಅಧಿಕಾರಿ ಪಾಸ್‌ಪೋರ್ಟ್, ವೀಸಾ ನೋಡಿ, 'ಕನ್ಫರ್ಮೇಶನ್ ಆಫ್ ಪರ್ಮನೆಂಟ್ ರೆಸಿಡೆನ್ಸ್' ಎಂಬ ಹಾಳೆಗೆ ಸಹಿ ಹಾಕಿಸಿಕೊಂಡರು. ಎಲ್ಲರ ಬಾಯಲ್ಲೂ ಅದು 'ಲ್ಯಾಂಡಿಂಗ್ ಪೇಪರ್'. ಅಲ್ಲಿಗೆ ನಾವು ಕೆನಡಾದ ಕಾಯಂ ನಿವಾಸಿಗಳಾದೆವು. "ಕಾರ್ಡ್ ಅಂಚೆಯಲ್ಲಿ ಬರುತ್ತೆ, ವಿಳಾಸ ಕೊಡಿ" ಎಂದರು. ಮಿಸ್ಸಿಸಾಗದಲ್ಲಿ ಹಿಡಿದಿದ್ದ ಬೇಸ್‌ಮೆಂಟ್ ಬಾಡಿಗೆಮನೆಯ ವಿಳಾಸವನ್ನು ನಮ್ಮವರು ಕೊಟ್ಟರು.

ನಾಲ್ಕನೇ ವಾರ ನಮ್ಮವರಿಗೆ ಕೆಲಸ ಸಿಕ್ಕಿತು. ಮಗಳಿಗೆ ಶಾಲೆ ಸಿಕ್ಕಿತು. ಶಾಲೆಗೆ ಹತ್ತಿರ ಅಂತ ಅಪಾರ್ಟ್‌ಮೆಂಟಿಗೆ ಮನೆ ಬದಲಾಯಿಸಿದೆವು. ಇನ್ನೇನು ಉಸಿರು ಬಿಡೋಣ ಅನ್ನುವಷ್ಟರಲ್ಲಿ ಒಂದು ರಾತ್ರಿ ಅಣ್ಣನ ಫೋನು.

"ಅಮ್ಮನಿಗೆ ಸ್ಟ್ರೋಕ್ ಆಗಿದೆ ಕಣೆ. ಮಾತು ತೊದಲ್ತಿದೆ. ನಿನ್ನ ಹೆಸರನ್ನೇ ಹೇಳ್ತಿದಾಳೆ. ಬರೋಕಾಗುತ್ತಾ ನೋಡು."

ನಮ್ಮವರು ಸಂಕಟದಿಂದಲೇ ಅಂದರು: "ಕಾರ್ಡ್ ಇನ್ನೂ ಬಂದಿಲ್ವಲ್ಲ. ಒಂದೆರಡು ವಾರ ಕಾಯೋಣ್ವಾ?"

ಕಾಯುವ ವಿಷಯವೇ ಇದು? ನೀವಾದರೂ ಕಾಯುತ್ತಿದ್ದಿರಾ? ಪರಿಚಯದ ಹಿರಿಯರೊಬ್ಬರಿಗೆ ಫೋನ್ ಹಚ್ಚಿದೆ. ಮೂವತ್ತು ವರ್ಷದಿಂದ ಅಲ್ಲೇ ಇರುವವರು. "ಲ್ಯಾಂಡಿಂಗ್ ಪೇಪರ್ ಇದೆಯಲ್ಲಮ್ಮಾ? ಸಾಕು ಹೋಗಿ ಬಾ. ನಾನು ತೊಂಬತ್ತೈದರಲ್ಲಿ ಅದನ್ನೇ ತೋರಿಸಿ ವಾಪಸ್ ಬಂದಿದ್ದೆ" ಎಂದರು. ಅಷ್ಟು ಸಾಕಾಯಿತು ನನಗೆ. ಮಗಳನ್ನು ಅಪ್ಪನ ಹತ್ತಿರ ಬಿಟ್ಟು ಮರುದಿನವೇ ವಿಮಾನ ಹತ್ತಿದೆ.

ಅಮ್ಮ ನನ್ನನ್ನು ಗುರುತು ಹಿಡಿದಳು. ಒಂಬತ್ತು ದಿನ ನನ್ನ ಕೈ ಹಿಡಿದುಕೊಂಡೇ ಇದ್ದಳು. ಹತ್ತನೇ ದಿನ ಹೋಗಿಬಿಟ್ಟಳು. ಆ ಒಂಬತ್ತು ದಿನಕ್ಕೆ ಬದಲಾಗಿ ಯಾರು ಏನು ಕೊಡುತ್ತೇನೆಂದರೂ ನನಗೆ ಬೇಡ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. 'ಕಾರ್ಡ್ ಇಲ್ಲ, ಹೋಗಬೇಡಿ' ಅಂತ ಹೇಳೋಕೆ ನಾನಿದನ್ನು ಬರೆಯುತ್ತಿಲ್ಲ. ಹೋಗಿ, ಆದರೆ ತಿಳಿದುಕೊಂಡು ಹೋಗಿ.

ಕೌಂಟರಿನ ಮುಂದೆ

ವೈಕುಂಠ ಸಮಾರಾಧನೆ ಮುಗಿಸಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದೆ. ಸೂಟ್‌ಕೇಸಿನಲ್ಲಿ ಅತ್ತಿಗೆ ಮಾಡಿಕೊಟ್ಟ ಹುಳಿಪುಡಿ, ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆ. ರಾತ್ರಿ ಎರಡು ಗಂಟೆ.

"ಮೇಡಂ, ಪಿಆರ್ ಕಾರ್ಡ್?"

"ಇನ್ನೂ ಬಂದಿಲ್ಲಮ್ಮ. ಇದು ನೋಡಿ, ಲ್ಯಾಂಡಿಂಗ್ ಪೇಪರ್. ವೀಸಾನೂ ಇದೆ."

ಆ ಹುಡುಗಿ ವೀಸಾದ ಪುಟ ತಿರುಗಿಸಿ ನೋಡಿದಳು. "ಇದು ಸಿಂಗಲ್ ಎಂಟ್ರಿ ಮೇಡಂ. ಏಪ್ರಿಲ್‌ನಲ್ಲೇ ಬಳಸಿ ಆಗಿದೆ. ಈ ಪೇಪರ್ ಮೇಲೆ ಬೋರ್ಡಿಂಗ್ ಪಾಸ್ ಕೊಡೋಕಾಗಲ್ಲ."

ಬೇಡಿಕೊಂಡೆ, ಅತ್ತೆ. ಅವಳ ಮೇಲಧಿಕಾರಿ ಬಂದರು. ಅವರೂ ಅದನ್ನೇ ಹೇಳಿದರು. ಸಿಟ್ಟು ಬಂದಿದ್ದು ನಿಜ. ಆದರೆ ಈಗ ಯೋಚಿಸಿದರೆ ಅವರದೇನೂ ತಪ್ಪಿಲ್ಲ. ಸರಿಯಾದ ದಾಖಲೆ ಇಲ್ಲದವರನ್ನು ಕರೆದುಕೊಂಡು ಹೋದರೆ ವಿಮಾನ ಕಂಪನಿಯೇ ಕೆನಡಾ ಸರ್ಕಾರಕ್ಕೆ ಹಣ ಕಟ್ಟಬೇಕಾಗುತ್ತದೆ.

ಟ್ರಾಲಿ ಪಕ್ಕದಲ್ಲೇ ಕೂತು ಮನೆಗೆ ಫೋನ್ ಮಾಡಿದೆ. ಅಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ. ಮಗಳೇ ಎತ್ತಿಕೊಂಡಳು.

"ಅಮ್ಮಾ, ಪ್ಲೇನ್ ಹತ್ತಿದ್ಯಾ?"

ಏನು ಹೇಳಲಿ ನೀವೇ ಹೇಳಿ.

ಹಕ್ಕು ಬೇರೆ, ವಿಮಾನ ಹತ್ತೋ ದಾಖಲೆ ಬೇರೆ

ಎಲ್ಲರೂ ಎಡವುವುದು ಇಲ್ಲೇ. ಲ್ಯಾಂಡಿಂಗ್ ಆದ ದಿನವೇ ನೀವು ಪಿಆರ್. ಕಾರ್ಡ್ ಬಾರದಿದ್ದರೂ ಪಿಆರ್, ಕಾರ್ಡ್ ಅವಧಿ ಮುಗಿದರೂ ಪಿಆರ್. ನೀವು ಪಿಆರ್ ಅಂತ ಗಡಿಯ ಅಧಿಕಾರಿಗೆ ಖಾತ್ರಿಯಾದರೆ ಕೆನಡಾದೊಳಗೆ ಹೋಗುವ ಹಕ್ಕನ್ನು ಅಲ್ಲಿನ ಕಾನೂನೇ ಕೊಟ್ಟಿದೆ. ಆದರೆ ಆ ಅಧಿಕಾರಿಯ ಎದುರು ನಿಲ್ಲಬೇಕಾದರೆ ಮೊದಲು ವಿಮಾನ ಹತ್ತಬೇಕಲ್ಲ? ವಿಮಾನ, ಬಸ್ಸು, ರೈಲು, ಹಡಗು ಯಾವುದೇ ಇರಲಿ, ಟಿಕೆಟ್ ಕೊಂಡು ಹತ್ತುವ ವಾಹನಕ್ಕೆ ಎರಡರಲ್ಲೊಂದು ದಾಖಲೆ ಬೇಕು. ಒಂದು, ಪಿಆರ್ ಕಾರ್ಡ್. ಇಲ್ಲದಿದ್ದರೆ 'ಪರ್ಮನೆಂಟ್ ರೆಸಿಡೆಂಟ್ ಟ್ರಾವೆಲ್ ಡಾಕ್ಯುಮೆಂಟ್', ಚಿಕ್ಕದಾಗಿ ಪಿಆರ್‌ಟಿಡಿ.

ಹಾಗಾದರೆ ಆ ಹಿರಿಯರು ಸುಳ್ಳು ಹೇಳಿದರಾ? ಖಂಡಿತ ಇಲ್ಲ. ಅವರ ಕಾಲದಲ್ಲಿ ಈ ಕಾರ್ಡೇ ಇರಲಿಲ್ಲ! 2002ರ ಜೂನ್ 28ರಂದು ಹೊಸ ವಲಸೆ ಕಾನೂನು ಜಾರಿಗೆ ಬಂದಾಗ ಕಾರ್ಡ್ ಶುರುವಾಯಿತು. 2003ರ ಡಿಸೆಂಬರ್ 31ರಿಂದ ಇಂಥ ಪ್ರಯಾಣಕ್ಕೆ ಅದು ಕಡ್ಡಾಯವಾಯಿತು. ಹಳಬರ ಅನುಭವ ದೊಡ್ಡದೇ. ಆದರೆ ಕಾಗದಪತ್ರದ ವಿಷಯದಲ್ಲಿ ಇವತ್ತಿನ ನಿಯಮವನ್ನು ಕೆನಡಾ ವಲಸೆ ಇಲಾಖೆಯ ವೆಬ್‌ಸೈಟಿನಲ್ಲೇ ನೋಡಬೇಕು.

"ಹಾಗಾದ್ರೆ ಒಂದು ವಿಸಿಟರ್ ವೀಸಾ ಮಾಡಿಸಿಕೊಂಡು ಹೋದ್ರಾಯ್ತು" ಅಂತಲೂ ಒಬ್ಬರು ನನಗೆ ಸಲಹೆ ಕೊಟ್ಟರು. ಅದೂ ಆಗುವುದಿಲ್ಲ. ಪಿಆರ್ ಆದವರಿಗೆ ಪ್ರವಾಸಿ ವೀಸಾ ಕೊಡುವುದಿಲ್ಲ.

ಪಿಆರ್‌ಟಿಡಿ ಮಾಡಿಸುವುದು ಹೇಗೆ?

ಮೊದಲು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೆನಡಾದೊಳಗೆ ಇದ್ದುಕೊಂಡು ಪಿಆರ್‌ಟಿಡಿಗೆ ಅರ್ಜಿ ಹಾಕುವಂತಿಲ್ಲ! ದೇಶದಿಂದ ಹೊರಗೆ ಬಂದ ಮೇಲೆಯೇ ಹಾಕಬೇಕು. ಅಂದರೆ ಹೊರಡುವ ಮುಂಚೆ ಮಾಡಿಸಿ ಬ್ಯಾಗಿನಲ್ಲಿಟ್ಟುಕೊಳ್ಳುವ ವಸ್ತು ಇದಲ್ಲ.

ಅರ್ಜಿಯನ್ನು ಇಲಾಖೆಯ ಪಿಆರ್ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬಹುದು. ಶುಲ್ಕ ತಲಾ 50 ಕೆನಡಿಯನ್ ಡಾಲರ್. ಮಕ್ಕಳು ಜೊತೆಗಿದ್ದರೆ, ಕೈಗೂಸೇ ಆದರೂ, ಅವರಿಗೂ ಬೇರೆ ಅರ್ಜಿ, ಬೇರೆ ಶುಲ್ಕ. ಪಾಸ್‌ಪೋರ್ಟ್ ಪುಟಗಳ ಪ್ರತಿ, ಲ್ಯಾಂಡಿಂಗ್ ಪೇಪರಿನ ಪ್ರತಿ, ಫೋಟೊ ಬೇಕು. ಫೋಟೊ ನಮ್ಮ ಪಾಸ್‌ಪೋರ್ಟ್ ಸೈಜಿನದಲ್ಲ. 50 ಮಿಲಿಮೀಟರ್ ಅಗಲ, 70 ಮಿಲಿಮೀಟರ್ ಎತ್ತರ. ಸ್ಟುಡಿಯೋದವರಿಗೆ ಅಳತೆ ಬರೆದುಕೊಟ್ಟೇ ತೆಗೆಸಿ.

ಕೆನಡಾದಲ್ಲಿ ಎಷ್ಟು ದಿನ ಇದ್ದಿರಿ ಅಂತಲೂ ಅರ್ಜಿಯಲ್ಲಿ ಕೇಳುತ್ತಾರೆ. ಗಾಬರಿ ಬೇಡ. ಪಿಆರ್ ಉಳಿಸಿಕೊಳ್ಳಲು ಐದು ವರ್ಷದಲ್ಲಿ ಒಟ್ಟು 730 ದಿನ ಅಲ್ಲಿರಬೇಕು ಅನ್ನುವುದು ನಿಯಮ. ಒಂದೇ ಸಮ ಇರಬೇಕೆಂದೇನಿಲ್ಲ. ಹೊಸದಾಗಿ ಪಿಆರ್ ಆದವರಿಗೆ ಇನ್ನೂ ಅಷ್ಟೊಂದು ದಿನ ಬಾಕಿ ಇರುವುದರಿಂದ ಅದು ತೊಡಕಾಗುವುದಿಲ್ಲ.

ತುರ್ತಿದ್ದರೆ ಕಾರಣವನ್ನು ಒಂದು ಪತ್ರದಲ್ಲಿ ನೇರವಾಗಿ ಬರೆದು, ಪುರಾವೆ ಲಗತ್ತಿಸಿ. ನಾನು ಅಮ್ಮನ ಮರಣ ಪ್ರಮಾಣಪತ್ರ, ಮಗಳ ಶಾಲೆಯ ಪತ್ರ ಎರಡನ್ನೂ ಇಟ್ಟಿದ್ದೆ. ಅರ್ಜಿ ಒಪ್ಪಿಗೆಯಾದ ಮೇಲೆ ಪಾಸ್‌ಪೋರ್ಟ್ ಕೇಳುತ್ತಾರೆ. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಕೊಟ್ಟು ಬಂದೆ. ವೀಸಾದಂಥದೇ ಒಂದು ಚೀಟಿ ಅಂಟಿಸಿ ವಾಪಸ್ ಕೊಟ್ಟರು. ಸಾಮಾನ್ಯವಾಗಿ ಇದು ಒಂದೇ ಸಲದ ಪ್ರವೇಶಕ್ಕೆ.

ನನಗೆ ಒಟ್ಟು 26 ದಿನ ಹಿಡಿಯಿತು. ಎಲ್ಲರಿಗೂ ಇಷ್ಟೇ ಅಂತ ಹೇಳಲಾಗದು. ಈಗ ಎಷ್ಟು ದಿನ ನಡೆಯುತ್ತಿದೆ ಅನ್ನುವುದನ್ನು ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ನನ್ನ ದೊಡ್ಡ ತಪ್ಪು ಯಾವುದು ಗೊತ್ತಾ? ಮೈಸೂರಿಗೆ ಬಂದ ದಿನವೇ ಅರ್ಜಿ ಹಾಕಬಹುದಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದ ದಿನ, ಆಮೇಲಿನ ಹದಿಮೂರು ದಿನ ಸೇರಿ ಮೂರು ವಾರಕ್ಕೂ ಹೆಚ್ಚು ಸಮಯವಿತ್ತು. ಆಸ್ಪತ್ರೆ ಕಾರಿಡಾರಿನಲ್ಲಿ ಕೂತು ಮೊಬೈಲಿನಲ್ಲೇ ಹಾಕಿದ್ದರೂ ಹೊರಡುವ ಹೊತ್ತಿಗೆ ಬಹುಪಾಲು ದಿನ ಕಳೆದಿರುತ್ತಿತ್ತು.

'ಹೋಗಿ ಮುಟ್ಟಿ ಬರುವವರಿಗೆ'

ಎದುರುಮನೆ ಆಂಟಿಯ ಮಗ-ಸೊಸೆ ಮಾಡಹೊರಟಿದ್ದಾರಲ್ಲ, ಅದಕ್ಕೆ 'ಸಾಫ್ಟ್ ಲ್ಯಾಂಡಿಂಗ್' ಅನ್ನುತ್ತಾರೆ. ಲ್ಯಾಂಡಿಂಗ್ ಪೇಪರಿಗೂ ವೀಸಾಕ್ಕೂ ಕೊನೆಯ ದಿನಾಂಕ ಇರುತ್ತದೆ. ಅದರೊಳಗೆ ಒಮ್ಮೆ ಹೋಗಿ ಇಳಿದು, ಮತ್ತೆ ಬಂದು ಇಲ್ಲಿನದೆಲ್ಲ ಮುಗಿಸಿಕೊಂಡು ಹೋಗುವುದು. ತಪ್ಪೇನಿಲ್ಲ. ಆದರೆ ಹತ್ತು ದಿನದಲ್ಲಿ ಕಾರ್ಡ್ ಬರುವುದಿಲ್ಲ. ಸರ್ಕಾರ ಅದನ್ನು ಭಾರತಕ್ಕೆ ಕಳಿಸುವುದೂ ಇಲ್ಲ. ಕೆನಡಾದ ವಿಳಾಸಕ್ಕೆ ಮಾತ್ರ.

ಆದ್ದರಿಂದ ಅಲ್ಲಿ ನಂಬಿಕಸ್ತರೊಬ್ಬರ ವಿಳಾಸ ಬೇಕು. ಬಂದ ಕಾರ್ಡನ್ನು ಅವರು ಒಳ್ಳೆಯ ಕೊರಿಯರ್‌ನಲ್ಲಿ ಇಲ್ಲಿಗೆ ಕಳಿಸಬೇಕು. ವಿಳಾಸ ಕೊಡುವಾಗ ಅಪಾರ್ಟ್‌ಮೆಂಟ್ ನಂಬರ್, ಪೋಸ್ಟಲ್ ಕೋಡ್ ಒಂದಕ್ಷರ ತಪ್ಪಬಾರದು. ಲ್ಯಾಂಡಿಂಗ್ ದಿನ ವಿಳಾಸ ಇರಲಿಲ್ಲ ಅನ್ನುವವರು 180 ದಿನದೊಳಗೆ ತಿಳಿಸಬೇಕು. ಅದು ದಾಟಿದರೆ ಹೊಸದಾಗಿ ಅರ್ಜಿ ಹಾಕಿ 50 ಡಾಲರ್ ಕಟ್ಟಬೇಕಾಗುತ್ತದೆ.

ಗೃಹಿಣಿಯರಿಗೆ ಇನ್ನೊಂದು ಮಾತು. ಎರಡನೇ ಸಲ ಹೋಗುವಾಗಲೇ ಅಲ್ಲವೇ ನಾವು ಪಾತ್ರೆ, ಪುಸ್ತಕ, ಒಡವೆ ಎಲ್ಲ ಒಯ್ಯುವುದು? 'ಹಿಂದೆ ಬರಲಿರುವ ಸಾಮಾನು' ಅಂತ ಅವುಗಳ ಪಟ್ಟಿಯನ್ನು ಮೊದಲ ಸಲ ಇಳಿದಾಗಲೇ ಕಸ್ಟಮ್ಸ್‌ನವರಿಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಅದಕ್ಕೆ ಬಿಎಸ್‌ಎಫ್ 186 ಎಂಬ ಫಾರಂ ಇದೆ. ಒಡವೆಗಳ ಫೋಟೊ, ಬೆಲೆಯ ವಿವರ ಜೊತೆಗಿರಲಿ.

ಅಮೆರಿಕದ ದಾರಿ

"ಅಮೆರಿಕಕ್ಕೆ ಹೋಗಿ ಅಲ್ಲಿಂದ ಕಾರಿನಲ್ಲಿ ನುಗ್ಗಿಬಿಡಿ" ಅನ್ನುವವರೂ ಸಿಗುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಖಾಸಗಿ ಕಾರಿನಲ್ಲಿ ಗಡಿಗೆ ಬಂದರೆ ತಡೆಯಲು ವಿಮಾನ ಕಂಪನಿಯ ಕೌಂಟರ್ ಇರುವುದಿಲ್ಲ. ಪಾಸ್‌ಪೋರ್ಟ್, ಲ್ಯಾಂಡಿಂಗ್ ಪೇಪರ್ ತೋರಿಸಿದರೆ ಅಧಿಕಾರಿ ಪರಿಶೀಲಿಸಿ ಒಳಗೆ ಬಿಡಬಹುದು. ಆದರೆ ನಮ್ಮ ಭಾರತೀಯ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಬೇಕಲ್ಲ? ಅದು ಮೊದಲೇ ಇದ್ದವರಿಗೆ ಮಾತ್ರ ಈ ದಾರಿ. ಅದರಲ್ಲೂ ಗಡಿ ದಾಟುವ ಬಸ್ಸು, ರೈಲು ಹತ್ತಿದರೆ ಮತ್ತೆ ಕಾರ್ಡ್ ಅಥವಾ ಪಿಆರ್‌ಟಿಡಿಯೇ ಬೇಕು.

ಹೊರಡುವ ಮುನ್ನ ಇವು ನೆನಪಿರಲಿ

* ಲ್ಯಾಂಡಿಂಗ್ ಪೇಪರಿನ ಅಸಲು ಪ್ರತಿ ನಿಮ್ಮ ಕೈಚೀಲದಲ್ಲೇ ಇರಲಿ. ಅದರ ಫೋಟೊ ಇಮೇಲ್‌ನಲ್ಲಿರಲಿ, ಇನ್ನೊಂದು ಪ್ರತಿ ಮನೆಯವರ ಹತ್ತಿರವಿರಲಿ. ಕಾರ್ಡ್ ಬಂದ ಮೇಲೂ ಅದನ್ನು ಎಸೆಯಬೇಡಿ.

* ಮನೆ ಬದಲಾಯಿಸಿದ ದಿನವೇ ಹೊಸ ವಿಳಾಸವನ್ನು ವಲಸೆ ಇಲಾಖೆಗೆ ಆನ್‌ಲೈನ್ ತಿಳಿಸಿ. ಫೋಟೊ ಕಳಿಸಿ ಅಂತ ಇಲಾಖೆಯಿಂದ ಇಮೇಲ್ ಬಂದಿದೆಯಾ ನೋಡುತ್ತಿರಿ. ಉತ್ತರಿಸದಿದ್ದರೆ ಕಾರ್ಡ್ ಅಲ್ಲೇ ನಿಲ್ಲುತ್ತದೆ.

* ಮನೆಯವರ ಗಂಭೀರ ಕಾಯಿಲೆ, ಸಾವು ಇಂಥ ಕಾರಣಕ್ಕೆ ಕಾರ್ಡ್ ಬೇಗ ಕೊಡಿ ಅಂತ ಕೇಳಲು ಅವಕಾಶವಿದೆ. ವೈದ್ಯರ ಪತ್ರ, ಟಿಕೆಟ್ ಪುರಾವೆ ಕೊಡಬೇಕು. ಸಿಕ್ಕೇ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಆದರೂ ಕೇಳಿ.

* ವಾಪಸ್ ಟಿಕೆಟ್ಟನ್ನು ದಿನಾಂಕ ಬದಲಾಯಿಸಲು ಬರುವಂಥದ್ದೇ ಕೊಳ್ಳಿ. ನಾನು ಅಗ್ಗ ಅಂತ ಕೊಂಡ ಟಿಕೆಟ್ಟಿನ ಹಣ ಪೂರ್ತಿ ಹೋಯಿತು.

* ನಡುವೆ ಬೇರೆ ದೇಶದಲ್ಲಿ ವಿಮಾನ ಬದಲಾಯಿಸುವುದಿದ್ದರೆ, ಅಲ್ಲಿಗೆ ಟ್ರಾನ್ಸಿಟ್ ವೀಸಾ ಬೇಕೇ ಅಂತ ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ. ಬಳಸಿ ಮುಗಿದ ಕೆನಡಾ ವೀಸಾ ಅಲ್ಲಿ ಲೆಕ್ಕಕ್ಕೆ ಬರಲಿಕ್ಕಿಲ್ಲ.

* ಮಗುವನ್ನು ನೀವೊಬ್ಬರೇ ಕರೆದೊಯ್ಯುತ್ತಿದ್ದರೆ ಮಗುವಿನ ತಂದೆಯಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

* ಮಗುವನ್ನು ಬಿಟ್ಟು ಹೋಗುವುದಾದರೆ 'ಇಂಥ ಭಾನುವಾರ ಬರ್ತೀನಿ' ಅಂತ ಮಾತ್ರ ದಿನ ಹೇಳಬೇಡಿ. ನಾನು ಹೇಳಿದ್ದೆ. ಅವಳು ಕ್ಯಾಲೆಂಡರಿನಲ್ಲಿ ಆ ಭಾನುವಾರಕ್ಕೆ ಹೂವು ಬರೆದಿಟ್ಟಿದ್ದಳು.

ಕೊನೆಗೆ ಕಾರ್ಡ್ ಎಲ್ಲಿತ್ತು?

ಜೂನ್ ಕೊನೆಯಲ್ಲಿ ಪಿಆರ್‌ಟಿಡಿ ಹಿಡಿದು ಟೊರಾಂಟೊ ತಲುಪಿದೆ. ಮಗಳು ಓಡಿಬಂದು ಅಪ್ಪಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಪ್ಪನ ಹಿಂದೆ ಬಚ್ಚಿಟ್ಟುಕೊಂಡಳು. ಹತ್ತಿರ ಬರಲು ಆ ದಿನ ಸಂಜೆಯಾಯಿತು.

ಎರಡು ದಿನ ಬಿಟ್ಟು ಹಳೇ ಬೇಸ್‌ಮೆಂಟ್ ಮನೆಗೆ ಹೋದೆವು. ಮಾಲೀಕರಾದ ಪಂಜಾಬಿ ಆಂಟಿ ಅಮ್ಮನ ಸುದ್ದಿ ಕೇಳಿ ಕಣ್ಣೊರೆಸಿಕೊಂಡರು. ಚಹಾ ಕೊಟ್ಟರು. ಆಮೇಲೆ ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದ ಕಾಗದಗಳ ಕಟ್ಟನ್ನು ತಂದು, "ನಿಮ್ಮದೂ ಏನೋ ಬಂದಿದೆ ಮಗಳೇ" ಅಂತ ಮೂರು ಲಕೋಟೆ ಕೈಗಿಟ್ಟರು. ಮೂರರಲ್ಲೂ ಪಿಆರ್ ಕಾರ್ಡ್! ಜೂನ್ ಮೊದಲ ವಾರವೇ ಬಂದಿದ್ದವು. ಅಂದರೆ ನಾನು ಕೌಂಟರಿನ ಮುಂದೆ ಅಳುತ್ತಿದ್ದ ಹೊತ್ತಿಗೆ ಹೆಚ್ಚುಕಡಿಮೆ ಅಲ್ಲಿಗೆ ತಲುಪಿದ್ದವು. ನಾವು ಹೊಸ ವಿಳಾಸ ತಿಳಿಸಿರಲಿಲ್ಲ. ನಮ್ಮವರು ಮೇ ತಿಂಗಳಲ್ಲಿ ಎರಡು ಸಲ ಹೋಗಿ ಕೇಳಿ ಬಂದಿದ್ದರು. ಆಮೇಲೆ ಆಫೀಸು, ಅಡುಗೆ, ಮಗಳ ಜಡೆ ಅನ್ನುವುದರಲ್ಲಿ ಆ ಕಡೆ ಹೋಗಲೇ ಇಲ್ಲ. ಒಂದು ಕೊರಿಯರ್ ಮಾಡಿದ್ದರೆ ಮುಗಿದಿತ್ತು.

ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಯಾರನ್ನಂತ ಬೈಯುವುದು? ಹೊಸ ದೇಶದಲ್ಲಿ ಇಬ್ಬರೂ ಹೊಸಬರೇ.

ಇಷ್ಟನ್ನೂ ಎದುರುಮನೆ ಆಂಟಿಗೆ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖ ಸಣ್ಣದಾಯಿತು. "ಹಾಗಾದ್ರೆ ಈಗ ಹೋಗೋದು ಬೇಡ ಅಂತೀಯಾ?" ಎಂದರು.

"ಅಯ್ಯೋ, ಧಾರಾಳವಾಗಿ ಹೋಗಿ ಬರ್ಲಿ ಆಂಟಿ. ಕಾರ್ಡ್ ಯಾರ ಮನೆಗೆ ಬರುತ್ತೆ, ಯಾರು ಕಳಿಸ್ತಾರೆ, ಬರದಿದ್ರೆ ಪಿಆರ್‌ಟಿಡಿಗೆ ಎಷ್ಟು ದಿನ ಬೇಕು ಅನ್ನೋದನ್ನ ಟಿಕೆಟ್ ಕೊಳ್ಳೋ ಮುಂಚೆ ಕೂತು ಲೆಕ್ಕ ಹಾಕ್ಲಿ. ಅಷ್ಟೇ."

ಆಂಟಿ ಅಲ್ಲೇ ಕೂತು ಸೊಸೆಗೆ ಫೋನ್ ಹಚ್ಚಿದರು. ನಿಮ್ಮ ಮನೆಯಲ್ಲೂ ಅಂಥ ಮಗಳೋ ಸೊಸೆಯೋ ಇದ್ದರೆ ನೀವೂ ಇವತ್ತೇ ಒಂದು ಫೋನ್ ಮಾಡಿ. ಊಟ ಆಯ್ತಾ ಅಂತ ಕೇಳಿದ ಮೇಲೆ, ಕಾರ್ಡ್ ಬಂತಾ ಅಂತಲೂ ಕೇಳಿ.